ದಂಡೆಯ ಮೇಲೆ ನಿಂತವನು

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ನಗುವವರಲ್ಲಿ ನಾನು ಮೊದಲಿಗನಾಗಿದ್ದೆ. ಅದು ನನ್ನ ಜಾಣತನವೇನಲ್ಲ, ಮನೆಯಿಂದ ಬಂದದ್ದು. ನಮ್ಮಪ್ಪ ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ ಬೇರೆಯವರ ಹತ್ತಿ ಹೊಲಗಳಲ್ಲಿ ದುಡಿದವನು. ನಾನಿನ್ನೂ ಕನ್ನಡ ಶಾಲೆಯಲ್ಲಿದ್ದಾಗ ಅವನು ಬೌದ್ಧ ದೀಕ್ಷೆ ತೆಗೆದುಕೊಂಡ. ಜಗುಲಿಯ ಮೇಲಿನ ದೇವರುಗಳನ್ನು ಬಟ್ಟೆಯಲ್ಲಿ ಕಟ್ಟಿ ನಮ್ಮ ಅತ್ತೆಯ ಮನೆಗೆ ಕೊಟ್ಟುಬಂದು, ಆ ಜಾಗದಲ್ಲಿ ಬುದ್ಧನ ಪಟ ತೂಗುಹಾಕಿದ. “ದೆವ್ವ ಅನ್ನೂದು ನಮ್ಮಂಥಾವ್ರನ್ನ ಅಂಜಿಸಿ ಇಡಾಕ ಮಾಡಿದ್ದಲೇ ತಮ್ಮಾ. ಯಾರರೆ ನೋಡೀನಿ ಅಂದ್ರ ಅಂಜಬ್ಯಾಡ, ಕೇಳು,” ಎನ್ನುತ್ತಿದ್ದ.

ಹಾಗಾಗಿ ನಾನು ಕೇಳುತ್ತಿದ್ದೆ. ಯಾರು ನೋಡಿದರು? ಎಷ್ಟು ದೂರದಿಂದ ನೋಡಿದರು? ಬೆಳಕು ಎಷ್ಟಿತ್ತು? ಇಷ್ಟು ಕೇಳಿದರೆ ಸಾಕು, ಎಂಥ ದೆವ್ವವಾದರೂ ಕರಗಿಹೋಗುತ್ತಿತ್ತು. ಮಾಸ್ತರಿಕೆಗೆ ಸೇರಿದ ಮೇಲೆ ಮಕ್ಕಳಿಗೂ ಇದನ್ನೇ ಹೇಳಿಕೊಟ್ಟೆ.

ಆದರೆ ನನಗಾದದ್ದು ನಡುಮಧ್ಯಾಹ್ನದ ಬಿಸಿಲಿನಲ್ಲಿ. ನೋಡಿದವರು ಒಬ್ಬರಲ್ಲ. ದೂರವೂ ಹೆಚ್ಚಿರಲಿಲ್ಲ. ಇಷ್ಟು ವರ್ಷ ಇದನ್ನು ಬರೆಯದೆ ಇದ್ದದ್ದಕ್ಕೆ ಅಪ್ಪನ ಬಗೆಗಿನ ನನ್ನ ಸಂಕೋಚವೂ ಒಂದು ಕಾರಣ. ಇನ್ನೊಂದು ಕಾರಣ ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ನಾಲ್ಕು. ಕಲಘಟಗಿ ತಾಲೂಕಿನ ತಂಬೂರಿನ ಶಾಲೆಗೆ ಮಾಸ್ತರನಾಗಿ ಬಂದು ಒಂದೂವರೆ ವರ್ಷವಾಗಿತ್ತು. ನಮ್ಮ ಕಡೆಯ ಎರೆ ಭೂಮಿ ನೋಡಿದ ಕಣ್ಣಿಗೆ ಇಲ್ಲಿಯ ಗಿಡಮರ, ಕೆರೆ, ಹಳ್ಳ ಎಲ್ಲವೂ ಹೊಸತು. ನಮ್ಮೂರ ಕಡೆ ಹಳ್ಳ ಇಲ್ಲವೆಂದಲ್ಲ. ಅದು ಮಳೆಗಾಲದಲ್ಲಿ ಹುಚ್ಚೆದ್ದು ಹರಿಯುವುದು, ಉಳಿದ ದಿನ ಕಾಲು ತೋಯುವಷ್ಟು ಉಪ್ಪುನೀರು. ಅದರಲ್ಲಿ ಈಜು ಕಲಿತವರು ಯಾರೂ ಇಲ್ಲ. ನಾನೂ ಕಲಿತಿರಲಿಲ್ಲ. ಇವತ್ತಿಗೂ ನನಗೆ ಈಜು ಬರುವುದಿಲ್ಲ.

ತಂಬೂರಿನಲ್ಲಿ ನನಗೆ ಇಬ್ಬರು ಗೆಳೆಯರಾದರು. ಒಬ್ಬ ಹಿಟ್ಟಿನ ಗಿರಣಿಯ ಗಂಗಪ್ಪ. ಕುರಿ ಸಾಕುವ ಮನೆತನದವನು, ಕುರಿಗಳನ್ನು ಅಣ್ಣನಿಗೆ ಬಿಟ್ಟು ಗಿರಣಿ ಹಾಕಿದ್ದ. ಹುಬ್ಬಿನ ಮೇಲೂ ಹಿಟ್ಟು ಕೂತಿರುತ್ತಿದ್ದ ದೊಡ್ಡ ಮೈಯ ಮನುಷ್ಯ. ಇನ್ನೊಬ್ಬ ಸೈಕಲ್ ಅಂಗಡಿಯ ಮೌಲಾ, ತೆಳ್ಳಗೆ, ಮಾತಿನ ಮಲ್ಲ. ಮೂವರೂ ಒಂದೇ ವಯಸ್ಸಿನವರು. ಸಂಜೆಯಾದರೆ ಗಿರಣಿಯ ಮುಂದಿನ ಕಲ್ಲಿನ ಮೇಲೆ ಕೂತು ಹರಟುತ್ತಿದ್ದೆವು.

ಗಂಗಪ್ಪನ ಮನೆಗೂ ಹೋಗುತ್ತಿದ್ದೆ. ಅವನ ತಾಯಿ ನೀಲವ್ವ ನನ್ನನ್ನು “ಬರ್ರಿ ಮಾಸ್ತರ, ಕುಂಡ್ರಿ” ಎಂದು ಪ್ರೀತಿಯಿಂದಲೇ ಕರೆಯುತ್ತಿದ್ದಳು. ಆದರೆ ನನಗೆ ಊಟ ಹೊರಗಿನ ಕಟ್ಟೆಯ ಮೇಲೆ. ಚಹಾ ಕೊಡುವ ಕಪ್ಪು ಬೇರೆ, ಅದನ್ನು ಗೋಡೆಯ ಗೂಟಕ್ಕೆ ನೇತುಹಾಕಿರುತ್ತಿದ್ದರು. ಗಂಗಪ್ಪ ಆಗ ತಾನೂ ಎದ್ದು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂಡುತ್ತಿದ್ದ. ಈ ವಿಷಯ ನಾವಿಬ್ಬರೂ ಯಾವತ್ತೂ ಎತ್ತಲಿಲ್ಲ. ಎತ್ತಿದ್ದರೆ ಅವನ ಮುಖ ನಾನು, ನನ್ನ ಮುಖ ಅವನು ನೋಡುವುದು ಕಷ್ಟವಾಗುತ್ತಿತ್ತು.

ಮೇ ತಿಂಗಳು, ಶಾಲೆಗೆ ಸೂಟಿ. ನಾನು ಊರಿಗೆ ಹೋಗುವುದರೊಳಗೆ ಒಂದು ದಿನ ಮೀನು ಹಿಡಿಯಲು ಹೋಗೋಣ ಎಂದು ಮೌಲಾ ಹಟ ಹಿಡಿದ. ಊರಿನಿಂದ ಎರಡು ಹರದಾರಿ ದೂರ ಹಳ್ಳ. ಬೇಸಿಗೆಯಲ್ಲಿ ಅದರ ಹರಿವು ಸಣ್ಣ ಎಳೆಯಾಗಿ, ಅಲ್ಲಲ್ಲಿ ಆಳದ ಮಡುಗಳು ಮಾತ್ರ ಉಳಿಯುತ್ತವೆ. ಅಂಥ ಒಂದು ಮಡುವಿನ ಮೇಲೆ ದೊಡ್ಡ ಅತ್ತಿಯ ಮರ ಬಾಗಿತ್ತು. ಅದರ ನೆರಳಿನಲ್ಲಿ ಪಕ್ಕಿ ಮೀನು ನಿಂತಿರುತ್ತವೆ, ದಪ್ಪ ತುಟಿಯ ಬೆಳ್ಳಿ ಬಣ್ಣದ ಮೀನು. ಹಣ್ಣು ನೀರಿಗೆ ಬಿದ್ದ ಸಪ್ಪಳ ಕೇಳಿದೊಡನೆ ನುಗ್ಗಿಬಂದು ನುಂಗುತ್ತವೆ.

ಬೆಳಗ್ಗೆ ಏಳಕ್ಕೆಲ್ಲ ಸೈಕಲ್ ಮೇಲೆ ಹೊರಟೆವು. ಗಂಗಪ್ಪನ ಹೆಂಡತಿ ಶಾಂತವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅವಳಿಗಾಗ ಏಳು ತಿಂಗಳು. “ಮೀನ ತಂದ್ರ ನಾ ಮುಟ್ಟಂಗಿಲ್ಲ ನೋಡ್ರಿ, ವಾಸನಿ ಆಗಂಗಿಲ್ಲ,” ಎಂದಳು. “ನೀ ಮುಟ್ಟಬ್ಯಾಡ, ತಿನ್ನಾಕರೆ ತಿಂತೀಯಿಲ್ಲೋ?” ಎಂದು ಗಂಗಪ್ಪ ನಗಿಸಿದ.

ಮೌಲಾ ನನಗೆ ಗಾಳ ಹಾಕುವುದನ್ನು ಕಲಿಸಿದ. ಬಿದಿರ ಕೋಲು, ದಾರ, ಕೊಕ್ಕೆಗೆ ಅರೆಮಾಗಿದ ಅತ್ತಿಹಣ್ಣು. “ಒಗೀಬ್ಯಾಡ್ರಿ ಮಾಸ್ತರ, ಮರದಿಂದ ಬಿದ್ದಂಗ ಬೀಳಬೇಕು. ಮೀನಿಗೆ ನೀವು ಅದೀರಿ ಅಂತ ಗೊತ್ತಾಗಬಾರದು.” ಮೊದಲ ಒಂದು ತಾಸು ನನ್ನ ಹಣ್ಣುಗಳನ್ನೆಲ್ಲ ಮೀನು ಬಿಡಿಸಿಕೊಂಡು ತಿಂದುವು. ಆಮೇಲೆ ಒಮ್ಮೆ ಕೋಲು ಬಾಗಿತು, ಕೈಯೊಳಗೆ ಜೀವವೊಂದು ಜಗ್ಗಿತು. ಹೊರಗೆ ಬಂದದ್ದು ಮೊಳಕೈ ಉದ್ದದ ಮೀನು. ಆ ಸಂತೋಷ ಇನ್ನೂ ನೆನಪಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಎಂಟೊಂಬತ್ತು ಮೀನು ಆಗಿದ್ದುವು. ರೊಟ್ಟಿ ತಿಂದೆವು. ಅಲ್ಲಿಯೇ ನಾಲ್ಕು ಮೀನು ಸುಡೋಣ ಎಂದು ಮೌಲಾ ಒಣಕಟ್ಟಿಗೆ ತರಲು ಹಳ್ಳದ ತಿರುವಿನ ಕಡೆಗೆ ಹೋದ. ಬೆಂಕಿಪೆಟ್ಟಿಗೆ ನನ್ನ ಅಂಗಿಯ ಕಿಸೆಯಲ್ಲಿತ್ತು.

ಆಗ ಗಂಗಪ್ಪನ ಗಾಳ ನೀರಿನೊಳಗೆ ಯಾವುದೋ ಬೇರಿಗೆ ಸಿಕ್ಕಿತು. ಎಷ್ಟು ಜಗ್ಗಿದರೂ ಬರಲಿಲ್ಲ. “ತಡಿ, ಇಳದು ಬಿಡಿಸ್ತೀನಿ,” ಎಂದು ಧೋತರ, ಅಂಗಿ ಕಳಚಿಟ್ಟು ನೀರಿಗಿಳಿದ. ಅವನು ಚೆನ್ನಾಗಿ ಈಜುವವನು. ದಾರ ಹಿಡಿದುಕೊಂಡು ಹೋಗಿ ಮುಳುಗಿದ. ನಾನು ದಂಡೆಯಲ್ಲಿ ಒಂದು ಚಪ್ಪಟೆ ಬಂಡೆಯ ಮೇಲೆ ನಿಂತಿದ್ದೆ. ಅವನಿಗೂ ನನಗೂ ನಡುವೆ ಹತ್ತು ಹನ್ನೆರಡು ಮೊಳ.

ಒಮ್ಮೆ ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗಿದ. ಎರಡನೇ ಸಲ ತಲೆ ಪೂರ್ತಿ ಮೇಲೆ ಬರಲಿಲ್ಲ. ಬಾಯಿ ಮಾತ್ರ ಬಂತು, ನೀರು ಕುಡಿಯಿತು, ಹೋಯಿತು. ಕೈ ಬಂತು. ಆ ಕೈ ಏನನ್ನೋ ಹುಡುಕಿ ಗಾಳಿಯಲ್ಲಿ ಆಡಿತು. ಕಾಲು ಬೇರಿಗೆ ಸಿಕ್ಕಿದೆ ಎಂದು ನನಗೆ ಅರ್ಥವಾಯಿತು.

ಇಲ್ಲಿ ನಾನು ಓದುಗರ ಮುಂದೆ ಪ್ರಾಮಾಣಿಕವಾಗಿ ಹೇಳಬೇಕು. ನಾನು ಏನೂ ಮಾಡಲಿಲ್ಲ. ಕೈಯಲ್ಲಿ ಬಿದಿರ ಕೋಲಿತ್ತು, ಚಾಚಲಿಲ್ಲ. ಮೌಲಾನನ್ನು ಕೂಗಲಿಲ್ಲ. ಕಾಲು ಬಂಡೆಗೆ ಅಂಟಿದಂತಾಗಿತ್ತು. ತಲೆಯೊಳಗೆ ಮಾತ್ರ “ಗಂಗ್ಯಾ, ಕೈ ಬಿಡಬ್ಯಾಡ, ಕೈ ಬಿಡಬ್ಯಾಡ” ಎಂಬ ಮಾತು ಸುತ್ತುತ್ತಿತ್ತು. ಯಾರ ಕೈ? ಅವನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಆದರೂ ಅದೇ ಮಾತು.

ಆಗ ನನ್ನ ಬಲಗಡೆಯಿಂದ ಭಾರವಾದದ್ದೇನೋ ನೀರಿಗೆ ಬಿದ್ದ ಸಪ್ಪಳ ಕೇಳಿತು. ತಿರುಗಿ ನೋಡಿದೆ. ನೀರಿನ ಮೇಲೆ ಉಂಗುರ ಏಳುತ್ತಿದ್ದುವು, ಮತ್ತೇನಿಲ್ಲ. ಸ್ವಲ್ಪ ಹೊತ್ತಿಗೆ, ಎಷ್ಟು ಹೊತ್ತೋ ತಿಳಿಯದು, ಗಂಗಪ್ಪನ ತಲೆ ಮೇಲೆ ಬಂತು. ಅವನು ಈಜುತ್ತಿರಲಿಲ್ಲ. ಎಡಗೈ ಮುಂದೆ ಚಾಚಿತ್ತು, ಮೈ ಅದರ ಹಿಂದೆ ಸರಿದು ಬರುತ್ತಿತ್ತು, ಯಾರೋ ಎಳೆದು ತರುವಂತೆ. ನಾನು ನಿಂತ ಬಂಡೆಗಿಂತ ಸ್ವಲ್ಪ ಕೆಳಗೆ, ಮರಳಿನ ಮೇಲೆ, ಎದೆಯವರೆಗೆ ಹೊರಗೆ ಬಂದು ಬಿದ್ದ.

ಅಷ್ಟರಲ್ಲಿ ನನ್ನ ಕಾಲು ಬಂತು. ಓಡಿಹೋಗಿ ಅವನನ್ನು ಮಗ್ಗುಲಿಗೆ ಹೊರಳಿಸಿದೆ. ಮೌಲಾ ಕಟ್ಟಿಗೆ ಚೆಲ್ಲಿ ಓಡಿಬಂದ. ಇಬ್ಬರೂ ಬೆನ್ನು ತಟ್ಟಿ, ಹೊಟ್ಟೆ ಒತ್ತಿ ನೀರು ಕಕ್ಕಿಸಿದೆವು. ಗಂಗಪ್ಪ ಕೆಮ್ಮಿ, ಕಣ್ಣು ತೆರೆದು, ನನ್ನನ್ನು ನೋಡಿ “ನೀ ಕೈ ಹಿಡದಿ, ಬದುಕಿದೆ” ಎಂದು ಅಳತೊಡಗಿದ. ಅಂಥ ದೊಡ್ಡ ಮೈಯ ಮನುಷ್ಯ ಅತ್ತದ್ದನ್ನು ನಾನು ಅಂದೇ ನೋಡಿದ್ದು.

“ಅಗದಿ ವ್ಯಾಳ್ಯಾಕ್ಕ ಹಾರಿದಿರಿ ಮಾಸ್ತರ,” ಎಂದ ಮೌಲಾ. “ನಾ ತಿರುವಿನ್ಯಾಗಿಂದ ನೋಡಿದೆ. ಎದಿಮಟ ನೀರಿನ್ಯಾಗ ಇವನ್ನ ಎಳಕೊಂಡು ಬರಾಕತ್ತಿದ್ರಿ. ಈಜ ಬರಂಗಿಲ್ಲ ಅಂತಿದ್ರಿ?”

ನಾನು ಅವನ ಮುಖ ನೋಡಿದೆ. ಚೇಷ್ಟೆ ಮಾಡುತ್ತಿರಲಿಲ್ಲ. “ಮೌಲಾ, ನಾ ನೀರಿಗೆ ಇಳದಿಲ್ಲೋ,” ಎಂದೆ.

“ಹೆದರಿಕಿಗೆ ಹಂಗ ಅನ್ನಸ್ತೈತಿ,” ಎಂದು ನನ್ನ ಭುಜ ಮುಟ್ಟಿದವನು ಕೈಯನ್ನು ಅಲ್ಲೇ ತಡೆದ. ಅಂಗಿ ತೋಯ್ದಿರಲಿಲ್ಲ. ಪ್ಯಾಂಟೂ ತೋಯ್ದಿರಲಿಲ್ಲ, ಮರಳಿಗೆ ಊರಿದ ಮೊಣಕಾಲು ಮಾತ್ರ ಹಸಿ. ಮೌಲಾ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಂಗಿ ಕಳದು ಹಾರಿದ್ರೇನು? ಯಾವಾಗ ಹಾಕ್ಕೊಂಡ್ರಿ?” ಎಂದ. ಉತ್ತರಕ್ಕೆ ಕಾಯಲಿಲ್ಲ. ಗಂಗಪ್ಪ ನಡುಗುತ್ತಿದ್ದ, ಬೆಂಕಿ ಹಚ್ಚಬೇಕಾಗಿತ್ತು. ನನ್ನ ಕಿಸೆಯೊಳಗಿನ ಬೆಂಕಿಪೆಟ್ಟಿಗೆ ತೆಗೆದು ಗೀರಿದೆ. ಮೊದಲ ಕಡ್ಡಿಗೇ ಹೊತ್ತಿತು.

ಗಂಗಪ್ಪನ ಎಡಗೈ ಮಣಿಕಟ್ಟಿನ ಮೇಲೆ ಕೆಂಪಗೆ ಬೆರಳುಗಳ ಗುರುತು ಮೂಡಿತ್ತು. ಅದನ್ನು ಮೂವರೂ ನೋಡಿದೆವು. ನಾಲ್ಕೈದು ದಿನಗಳಲ್ಲಿ ಅದು ನೀಲಿಯಾಗಿ, ಹಳದಿಯಾಗಿ ಮಾಯವಾಯಿತು.

ಊರಿಗೆ ಬರುವಷ್ಟರಲ್ಲಿ ಮೌಲಾ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಬಿಟ್ಟಿದ್ದ. ಗಂಗಪ್ಪನ ಮನೆಯ ಮುಂದೆ ಮಂದಿ ಕೂಡಿದರು. ಶಾಂತವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಎಂದಿನಂತೆ ಕಟ್ಟೆಯ ಮೇಲೆ ಕೂತೆ. ಇನ್ನೇನು ಎಲ್ಲರೆದುರಿಗೇ ಹೇಳಿಬಿಡಬೇಕು ಎಂದು ಬಾಯಿ ತೆರೆಯುತ್ತಿದ್ದೆ. ಆಗ ನೀಲವ್ವ ಹೊರಗೆ ಬಂದಳು. ನನ್ನ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ಒಳಗ ನಡೀರಿ,” ಎಂದಳು. “ಒಳಗ ನಡೀರಿ ನನ್ನಪ್ಪಾ. ಇಲ್ಲಿ ಕುಂಡ್ರಬ್ಯಾಡ್ರಿ.”

ಅಡಿಗೆಮನೆಯಲ್ಲಿ ಒಲೆಯ ಪಕ್ಕ ಮಣೆ ಹಾಕಿ ಕೂಡಿಸಿದಳು. ಗಂಗಪ್ಪನ ಗಂಗಾಳದ ಪಕ್ಕ ಅಂಥದೇ ಗಂಗಾಳ ಇಟ್ಟು ಬಿಸಿರೊಟ್ಟಿ ಬಡಿಸಿದಳು. ಗೋಡೆಯ ಗೂಟದಲ್ಲಿನ ಕಪ್ಪು ಅಂದಿನಿಂದ ಅಲ್ಲಿ ಕಾಣಲಿಲ್ಲ.

ನಾನು ಉಂಡೆ. ಹೇಳಲಿಲ್ಲ. ಈ ಬರಹ ಇಷ್ಟು ತಡವಾದದ್ದಕ್ಕೆ ಎರಡನೆಯ ಕಾರಣ ಇದು. ಆ ಅಡಿಗೆಮನೆಯೊಳಗೆ ನಾನು ಹೋಗಬೇಕಾದದ್ದೇ ಸರಿ, ಯಾರ ಜೀವವನ್ನೂ ಉಳಿಸದೆಯೇ ಹೋಗಬೇಕಾಗಿತ್ತು, ಅದು ನನಗೆ ಗೊತ್ತಿತ್ತು. ಆದರೂ ನಾನು ಮಾಡದ ಕೆಲಸದ ಹೆಸರಿನಲ್ಲಿ ಆ ಹೊಸ್ತಿಲು ದಾಟಿದೆ ಎಂಬುದು ಪ್ರತಿ ತುತ್ತಿಗೂ ನೆನಪಾಗುತ್ತಿತ್ತು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದೆ ಕರೆದು ಮಕ್ಕಳಿಂದ ಚಪ್ಪಾಳೆ ಹೊಡೆಸಿದರು. ಅಲ್ಲಿಯೂ ತಲೆ ತಗ್ಗಿಸಿ ನಿಂತೆ. ಜನ ಅದನ್ನು ವಿನಯ ಎಂದುಕೊಂಡರು.

ಆ ದಿನಗಳಲ್ಲಿ ನಾನೇ ನನಗೊಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಗಂಗಪ್ಪ ತಾನಾಗಿಯೇ ಕಾಲು ಬಿಡಿಸಿಕೊಂಡು ಬಂದಿರಬೇಕು. ಗಾಬರಿಯಲ್ಲಿ ಅವನಿಗೆ ಯಾರೋ ಹಿಡಿದಂತೆ ಅನ್ನಿಸಿರಬೇಕು. ಮಣಿಕಟ್ಟಿಗೆ ಗಾಳದ ದಾರ ಸುತ್ತಿರಬೇಕು. ಮೌಲಾ ತಿರುವಿನಿಂದ ನೋಡಿದ್ದು ಬಿಸಿಲ ಝಳದಲ್ಲಿ, ಮರಳಿನ ಮೇಲೆ ನಾನು ಅವನನ್ನು ಹೊರಳಿಸುತ್ತಿದ್ದದ್ದನ್ನೇ ಇರಬೇಕು. ಒಂದೊಂದೂ ಒಪ್ಪುವಂಥದೇ. ಯಲ್ಲವ್ವ ಬರುವವರೆಗೆ ಇದು ನಡೆಯಿತು.

ಯಲ್ಲವ್ವ ಆಡು ಕಾಯುವ ಮುದುಕಿ. ಆ ದಿನ ಅವಳು ಆಚೆ ದಂಡೆಯ ಜಾಲಿಯ ನೆರಳಿನಲ್ಲಿ ಇದ್ದಳು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಜೂನ್ ಕೊನೆಗೆ, ಮಗಳಿಗೊಂದು ಕಾಗದ ಬರೆಸಲು ಶಾಲೆಗೆ ಬಂದಳು. ಬರೆದು ಮುಗಿಸಿ, ಓದಿ ಹೇಳಿ, ಅಂಟು ಹಚ್ಚುತ್ತಿದ್ದೆ.

“ಅವತ್ತ ನೋಡಿದೆರಿ ನಿಮ್ಮನ್ನ,” ಎಂದಳು. “ಗಿರಣಿ ಗಂಗಪ್ಪ ಮುಣಗಿದಾಗ. ನಾ ಬಾಯಿ ಬಡಕೊಳ್ಳೂದರಾಗ ನೀವು ಹಾರಿಬಿಟ್ರಿ. ಭೇಷ್ ಆತು.”

ನಾನು ಲಕೋಟೆಯ ಅಂಚು ಒತ್ತಿದೆ.

“ಒಂದ ಮಾತ ಕೇಳಬೇಕಂತ ಮಾಡಿದ್ದೆ. ಸಿಟ್ಟಾಗಬ್ಯಾಡ್ರಿ. ಆ ಬಂಡಿ ಮ್ಯಾಲೆ ನಿಂತಿದ್ದನಲ್ಲ, ಅಂವ ಯಾರ್ರಿ?”

“ಯಾವ ಬಂಡಿ?” ಎಂದೆ.

“ಅತ್ತಿ ಗಿಡದ ಬಾಜು, ಹಾಸಗಲ್ಲು. ಕೈಯಾಗ ಕೋಲ ಹಿಡಕೊಂಡು ನಿಂತಿದ್ದ. ಬಿಳಿ ಅಂಗಿ. ಅಗದಿ ನಿಮ್ಮಂಗ ಇದ್ದನ್ರಿ. ನಿಮ್ಮ ತಮ್ಮನೇನು? ನೀವು ನೀರಿನ್ಯಾಗ ಜೀವಾ ಬಿಡಾಕತ್ತೀರಿ, ಅಂವ ಕಂಬದಂಗ ನಿಂತ ನೋಡಾಕತ್ತಾನ. ಕೋಲ ಚಾಚಲಿಲ್ಲ, ಒದರಲಿಲ್ಲ. ಎಂಥಾ ಮನಿಷ್ಯಾರಿ ಅಂವ?”

ಅವಳಿಗೆ ನಾನು ಏನು ಹೇಳಿದೆ ಎಂದು ನೆನಪಿಲ್ಲ. “ನಮ್ಮೂರವನು” ಎಂದೆನೆಂದು ಕಾಣುತ್ತದೆ. ಅವಳು ಕಾಗದ ಸೆರಗಿಗೆ ಕಟ್ಟಿಕೊಂಡು, ಆ ನಮ್ಮೂರವನನ್ನು ಬೈಯುತ್ತಲೇ ಹೋದಳು. ಖಾಲಿ ವರ್ಗದ ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ನನ್ನ ಮೈಮೇಲೆ ಆಗಲೂ ಅದೇ ಬಿಳಿ ಅಂಗಿ ಇತ್ತು.

ಮುಂದಿನ ಸೂಟಿಗೆ ಊರಿಗೆ ಹೋದಾಗ ಅಪ್ಪನಿಗೆ ನಡೆದದ್ದನ್ನು ಹೇಳಿದೆ. ದೆವ್ವದ ಮಾತನ್ನು ಅವನಿಗೆ ಹೇಳುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಅಪ್ಪ ಬೀಡಿ ಸೇದುತ್ತ ಪೂರ್ತಿ ಕೇಳಿದ. ಯಾರು ನೋಡಿದರು, ಎಷ್ಟು ದೂರದಿಂದ ಎಂದು ಕೇಳುತ್ತಾನೆ, ನನ್ನನ್ನು ಈ ಗೋಜಲಿನಿಂದ ಬಿಡಿಸುತ್ತಾನೆ ಎಂದುಕೊಂಡಿದ್ದೆ.

“ಅದೆಲ್ಲಾ ಇರಲಿ,” ಎಂದ. “ಈಜ ಬರಂಗಿಲ್ಲ, ಹಾರಲಿಲ್ಲ, ಒಪ್ಪಿದೆ. ಕೂಗಲಿಲ್ಲ ಯಾಕ?”

ಅಪ್ಪ ಮತ್ತೆ ಆ ಮಾತು ತೆಗೆಯಲಿಲ್ಲ, ಸಾಯುವವರೆಗೂ.

ಶಾಂತವ್ವನಿಗೆ ಶ್ರಾವಣದಲ್ಲಿ ಗಂಡುಕೂಸು ಹುಟ್ಟಿತು. ಅದಕ್ಕೆ ನನ್ನ ಹೆಸರಿಟ್ಟರು. ಮೂರು ವರ್ಷದ ಮೇಲೆ ನನಗೆ ಅಣ್ಣಿಗೇರಿಗೆ ವರ್ಗವಾಯಿತು. ಆದರೂ ಹೋಗಿಬರುವುದು ತಪ್ಪಲಿಲ್ಲ. ಪ್ರತಿ ಸಲ ಬೀಳ್ಕೊಡುವಾಗ ಗಂಗಪ್ಪ, ತಾಯಿ ಮಾಡಿದಂತೆಯೇ, ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ನೀಲವ್ವ ಇರುವವರೆಗೆ ಪ್ರತಿ ವರ್ಷ ಹೊಸ ಅಕ್ಕಿ ಕಳಿಸುತ್ತಿದ್ದಳು. ಎರಡು ಮೂರು ಸಲ ಗಂಗಪ್ಪನಿಗೆ ಹೇಳಬೇಕೆಂದು ಹೋಗಿ, ಬೇರೇನೋ ಮಾತಾಡಿ ಬಂದೆ. ಮೌಲಾನಿಗೂ ಬಹುಶಃ ಏನೋ ಅನುಮಾನವಿತ್ತು. ನನ್ನ ಅಂಗಿಯನ್ನು ಮುಟ್ಟಿ ನೋಡಿದವನು ಅವನೇ. ಆದರೆ ಅವನು ಮತ್ತೆ ಕೇಳಲಿಲ್ಲ, ನಾನೂ ಕೆದಕಲಿಲ್ಲ.

ಕೊನೆಗೆ ಹೇಳಿದ್ದು ನಾನು ನಿವೃತ್ತನಾದ ವರ್ಷ. ಗಂಗಪ್ಪ ಅಣ್ಣಿಗೇರಿಗೆ ಬಂದಿದ್ದ. ಮೈ ಇಳಿದಿತ್ತು, ಗಿರಣಿಯನ್ನು ಮಗನಿಗೆ ಬಿಟ್ಟಿದ್ದ. ನಮ್ಮ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಯಾಕೋ ಬಾಯಿ ತಾನೇ ತೆರೆಯಿತು. ಬಂಡೆ, ಕೋಲು, ಕೂಗದೆ ನಿಂತದ್ದು, ಒಣ ಅಂಗಿ, ಯಲ್ಲವ್ವನ ಮಾತು, ಒಂದೊಂದಾಗಿ ಹೇಳಿದೆ. “ನಿನ್ನ ಹಿಡದಾವ ನಾ ಅಲ್ಲೋ ಗಂಗಪ್ಪಾ. ನಾ ಹೆದರಿ ದಂಡಿ ಮ್ಯಾಲೆ ನಿಂತಿದ್ದೆ.”

ಅವನು ನಗಲಿಲ್ಲ. ಸಿಟ್ಟಾಗಲೂ ಇಲ್ಲ. ಕಪ್ಪನ್ನು ಕೆಳಗಿಟ್ಟ.

“ನೀರಾಗ ನಾ ಕಣ್ಣ ತೆರದಿದ್ದೆ,” ಎಂದ. “ಕಾಲಿಂದ ಬೇರ ಬಿಡಿಸಿದ್ದು ನೋಡೀನಿ. ಮುಖಾ ನೋಡೀನಿ. ನಿಂದ ಮುಖಾ. ‘ಗಂಗ್ಯಾ, ಕೈ ಬಿಡಬ್ಯಾಡ’ ಅಂದಿ. ನೀರಾಗ ಹೆಂಗ ಕೇಳಿಸ್ತು ಅಂತ ಕೇಳಬ್ಯಾಡ, ನನಗೂ ತಿಳೀವಲ್ತು. ಕೇಳಿಸ್ತು.”

ಆ ಮಾತನ್ನು ನಾನು ಬಾಯಿಬಿಟ್ಟು ಆಡಿರಲಿಲ್ಲ. ಅವತ್ತೂ ಆಡಿರಲಿಲ್ಲ, ಆಮೇಲೆ ಯಾರಿಗೂ, ಅಪ್ಪನಿಗೂ ಹೇಳಿರಲಿಲ್ಲ. ಈಗ ಅವನಿಗೆ ಹೇಳಿದ್ದರಲ್ಲಿಯೂ ಅದೊಂದು ಇರಲಿಲ್ಲ.

“ಹೆಂಗಿತ್ತು ಆ ಮುಖಾ?” ಎಂದು ಕೇಳಿದೆ.

“ಅಂಜಿಕಿ ಇರಲಿಲ್ಲ,” ಎಂದ. ಮತ್ತೆ ನನ್ನ ಕಡೆ ತಿರುಗಿ, ಸಣ್ಣ ಧ್ವನಿಯಲ್ಲಿ ಹೇಳಿದ: “ಇಷ್ಟ ವರ್ಷ ನಿನಗ ಕೈ ಮುಗದೀನಿ. ನೀ ಅಲ್ಲಂದ್ರ ಈ ವಯಸ್ಸಿನ್ಯಾಗ ನಾ ಯಾರನ್ನ ಹುಡಕ್ಕೊಂಡು ಹೋಗ್ಲಿ? ಹೇಳಿದಿ, ಕೇಳಿದೆ. ಇನ್ನ ಬಿಡು.”

ಸಂಜೆಯ ಬಸ್ಸಿಗೆ ಹೋಗುವಾಗ ಎಂದಿನಂತೆ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ನಾನು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

ದೆವ್ವ ಎನ್ನಲು ನನಗೆ ಇವತ್ತಿಗೂ ಮನಸ್ಸು ಒಪ್ಪುವುದಿಲ್ಲ. ಭ್ರಮೆ ಎನ್ನೋಣವೆಂದರೆ ಎರಡು ದಂಡೆಯವರಿಗೂ ನೀರಿನೊಳಗಿದ್ದವನಿಗೂ ಒಂದೇ ಭ್ರಮೆ ಹೇಗಾಯಿತು? ನಾನೇ ಹಾರಿ, ಗಾಬರಿಯಲ್ಲಿ ಮರೆತೆ ಎನ್ನೋಣವೆಂದರೆ ತೋಯದ ಬೆಂಕಿಪೆಟ್ಟಿಗೆಯನ್ನು ಏನು ಮಾಡುವುದು? ಎಲ್ಲ ಲೆಕ್ಕ ಹಾಕಿ ಸೋತಿದ್ದೇನೆ. ಆ ದಿನ ನಾನು ದಂಡೆಯ ಮೇಲೆ ನಿಂತಿದ್ದೆ ಎಂಬುದಷ್ಟೇ ನನಗೆ ಖಚಿತವಾಗಿ ಗೊತ್ತು. ನೀರಿಗೆ ಹಾರಿದವನನ್ನು ಉಳಿದವರೆಲ್ಲ ನೋಡಿದ್ದಾರೆ. ನೋಡದವನು ನಾನೊಬ್ಬನೇ.